ಸೊಣ್ಣಪ್ಪನವರು ಚಕ್ರ ಬಿಚ್ಚಿದ ಆಯುಧಪೂಜೆ

ನಮ್ಮ ಯಜಮಾನರು ಸೊಣ್ಣಪ್ಪನವರು ಹುಟ್ಟಿದ್ದು ಬಾಗಲಗುಂಟೆಯಲ್ಲಿ, ಪೀಣ್ಯದ ಕಡೆ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲಕ್ಕೆ. ಕಾರ್ಖಾನೆ ಸೇರುವ ಮೊದಲು ಎತ್ತಿನ ಗಾಡಿ ಹೊಡೆಯುತ್ತಿದ್ದರು. ಇಟ್ಟಿಗೆ, ಮರಳು, ಹುಲ್ಲು, ಮದುವೆ ಮನೆಯ ಪಾತ್ರೆ, ಯಾವುದಕ್ಕೂ ಇಲ್ಲ ಅಂದವರಲ್ಲ. ಆದರೆ ಗಾಡಿಯ ಅಚ್ಚು ಸವೆದಿದೆ ಅನ್ನಿಸಿದರೆ ಎರಡೂ ಚಕ್ರದ ಕಡಾಣಿ ಕಿತ್ತು ತಂದು ಊಟದ ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಕಡಾಣಿ ಅಂದರೆ ಚಕ್ರ ಅಚ್ಚಿನಿಂದ ಜಾರದ ಹಾಗೆ ಹಿಡಿಯುವ ಕಬ್ಬಿಣದ ಕೀಲು. ಅದು ಇಲ್ಲದ ಗಾಡಿಯನ್ನು ಯಾರೂ ಕೇಳುವುದಿಲ್ಲ. ಕೇಳದೆ ಹೂಡಿಕೊಂಡು ಹೋಗುವ ಅವರ ತಮ್ಮನೂ ಹೋಗುವುದಿಲ್ಲ.

ಎಪ್ಪತ್ನಾಲ್ಕರಲ್ಲಿ ಪೀಣ್ಯದ ಒಂದು ಎರಕದ ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿದರು. ನಾಲ್ಕು ವರ್ಷದಲ್ಲಿ ಮೆಕ್ಯಾನಿಕ್ ಆದರು. ಅಲ್ಲಿ ಮೂರು ಫೋರ್ಕ್‌ಲಿಫ್ಟ್ ಇದ್ದವು, ಮುಂದೆ ಎರಡು ಕಬ್ಬಿಣದ ನಾಲಿಗೆ ಚಾಚಿ ಭಾರ ಎತ್ತುವ ಗಾಡಿಗಳು. ಅವುಗಳನ್ನು ನೋಡಿಕೊಳ್ಳುವುದು ಇವರ ಕೆಲಸ. ಗಾಡಿ ಕೆಟ್ಟರೆ ‘ಕೆಟ್ಟಿದೆ’ ಎಂದು ಬರೆದ ಕೆಂಪು ಬೋರ್ಡು ನೇತುಹಾಕಬೇಕು. ನೇತುಹಾಕುತ್ತಿದ್ದರು. ಮಾಲು ಕಳಿಸುವ ವಿಭಾಗದ ಫೋರ್‌ಮನ್ ಪಟ್ಟಾಭಿರಾಮಯ್ಯನವರು ಒಂದೇ ಟ್ರಿಪ್ಪು ಅಂತ ಹೇಳಿ ಬೋರ್ಡನ್ನು ಸೀಟಿನ ಮೇಲೆ ಮಡಗಿಸಿ, ಅದರ ಮೇಲೇ ಡ್ರೈವರನ್ನು ಕೂರಿಸುತ್ತಿದ್ದರು.

ಹೀಗೆ ಎರಡು ಸಲ ಆಯಿತು. ಮೂರನೆಯ ಸಲ ನಾನು ಊಟದ ಡಬ್ಬಿ ತೊಳೆಯಲು ಇವರ ಚೀಲಕ್ಕೆ ಕೈ ಹಾಕಿದಾಗ ದಪ್ಪನೆಯ ಕರೀ ವೈರು ಸುರುಳಿ ಸುತ್ತಿಕೊಂಡು ಮಲಗಿತ್ತು.

“ಇದೇನ್ರೀ, ಕೇರೆಹಾವು ತಂದಿದೀರಾ?” ಅಂದೆ.

“ಬ್ಯಾಟರಿ ಕೇಬಲ್ ಕಣೇ. ಅದು ಇಲ್ಲಿದ್ರೆ ಗಾಡಿ ಅಲ್ಲೇ ಇರ್ತದೆ. ಮುಟ್ಬ್ಯಾಡ, ಮಸಿ ಅಂಟ್ತದೆ” ಅಂದರು.

ಆವತ್ತಿನಿಂದ ಗಾಡಿ ಕೆಟ್ಟಾಗಲೆಲ್ಲ ಅದರ ಕೇಬಲ್ಲು ನಮ್ಮ ಮನೆಯ ರಾಗಿ ಡಬ್ಬದ ಹಿಂದೆ ಮಲಗಿ ಎದ್ದು ಹೋಗುತ್ತಿತ್ತು. ಒಂದು ಸಂಜೆ ಗೇಟಿನಲ್ಲಿ ಚೀಲ ತಪಾಸಣೆ ಮಾಡಿದರು. ಕಳ್ಳತನ ಅಂದರು. ಮ್ಯಾನೇಜರ್ ಸುಬ್ರಹ್ಮಣ್ಯ ಅವರು ಒಳ್ಳೆಯವರೇ, ಇವರ ಮಾತನ್ನು ಅರ್ಧ ನಂಬಿದರು. ಬಿಚ್ಚಿದ್ದನ್ನು ಸ್ಟೋರಿಗೆ ಕೊಡು, ಇನ್ನು ಒಂದು ನಟ್ಟು ಗೇಟು ದಾಟಿದರೂ ನಿನ್ನ ಕೆಲಸ ಹೋಯಿತು ಅಂತ ಹೇಳಿ ಕಳಿಸಿದರು. ಸ್ಟೋರಿನಲ್ಲಿ ಯಾವ ಫೋರ್‌ಮನ್ ಚೀಟಿ ಬರೆದರೂ ಸಾಮಾನು ಕೊಡುತ್ತಿದ್ದರು. ಅದನ್ನು ಇವರು ಹೇಳಿದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಬತ್ತನೇ ಇಸವಿಯ ಆಯುಧಪೂಜೆಯ ಹಿಂದಿನ ದಿನ ಎರಡನೇ ನಂಬರಿನ ಗಾಡಿಯ ಬ್ರೇಕಿನ ಪೈಪು ಒಡೆಯಿತು. ಹ್ಯಾಂಡ್‌ಬ್ರೇಕು ಮೊದಲೇ ಸವೆದಿತ್ತು. ಹೊಸ ಪೈಪು ತರೋಣವೆಂದರೆ ಅಂಗಡಿಯವರೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದರು. ಇವರು ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ, ನಾಲಿಗೆಗಳನ್ನು ನೆಲಕ್ಕೆ ಇಳಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟು, ಬೋರ್ಡು ಹಾಕಿ, ಕೇಬಲ್ಲನ್ನು ಸ್ಟೋರಿಗೆ ಒಪ್ಪಿಸಿ ಬಂದರು.

ಪೂಜೆಗೆ ನಮ್ಮನ್ನೆಲ್ಲ ಕರೆಯುತ್ತಿದ್ದರು. ಶೆಡ್ಡು ಮೇಲೆ, ಗೇಟು ಕೆಳಗೆ, ನಡುವೆ ನಲವತ್ತೆರಡು ಹೆಜ್ಜೆ ಇಳಿಜಾರು. ನಾನು ಎಣಿಸಿದ್ದೇನೆ. ಗೇಟಿನ ಹತ್ತಿರ ಶಾಮಿಯಾನ, ಅದರ ಕೆಳಗೆ ಹೆಂಗಸರು ಮಕ್ಕಳು. ನನ್ನ ಇಬ್ಬರು ಹುಡುಗಿಯರನ್ನು ಮುಂದಿನ ಸಾಲಿನಲ್ಲಿ ಪುರಿ ಪೊಟ್ಟಣದ ಸಮೇತ ಕೂರಿಸಿ, ಇವರಿಗೆ ಒಗೆದ ಶರ್ಟು ಕೊಡಲು ಮೇಲೆ ಹೋದೆ.

ಎರಡನೇ ನಂಬರಿನ ಗಾಡಿ ಮದುಮಗಳ ಹಾಗೆ ನಿಂತಿತ್ತು. ವಿಭೂತಿ, ಕುಂಕುಮ, ಬಾಳೆಕಂದು, ಮಾರುದ್ದದ ಸೇವಂತಿಗೆ ಹಾರ. ಕೇಬಲ್ಲು ಅದರ ಜಾಗಕ್ಕೆ ಬಂದಿತ್ತು. ಬೋರ್ಡು ಇರಲಿಲ್ಲ.

“ಸಾರ್, ಇದಕ್ಕೆ ಬ್ರೇಕಿಲ್ಲ. ಬೋರ್ಡು ಆಕಿದ್ನಲ್ಲ” ಅಂದರು ಇವರು.

“ಕುಂಕುಮ ಇಟ್ಟಿರೋ ಗಾಡಿಗೆ ಕೆಟ್ಟಿದೆ ಅಂತ ಬೋರ್ಡು ನೇತಾಕ್ತಾರೇನಯ್ಯಾ, ಅದೂ ಹಬ್ಬದ ದಿನ?” ಅಂದರು ಪಟ್ಟಾಭಿರಾಮಯ್ಯನವರು.

“ಬೋರ್ಡು ಬ್ಯಾಡ ಸಾರ್. ಗಾಡಿ ಮಾತ್ರ ಇಲ್ಲೇ ಇರ್ಲಿ.”

“ಪೂಜೆ ಆದ್ಮೇಲೆ ನಿಂಬೆಹಣ್ಣು ತುಳೀದೆ ನಿಂತ ಗಾಡಿ ವರ್ಷವಿಡೀ ನಿಂತೇ ಇರುತ್ತೆ. ಓನರ್ ಮನೆಯವರೆಲ್ಲ ನೋಡ್ತಿದಾರೆ. ವೆಂಕಟಪ್ಪ ಗೇರಲ್ಲೇ ಮೆಲ್ಲಗೆ ಇಳಿಸ್ತಾನೆ ಬಿಡು.”

ಡ್ರೈವರ್ ವೆಂಕಟಪ್ಪ ತಾನೂ ಕೊರಳಿಗೆ ಹಾರ ಹಾಕಿಕೊಂಡು ನಗುತ್ತಿದ್ದ. ಪಟ್ಟಾಭಿರಾಮಯ್ಯನವರು ಪುರೋಹಿತರನ್ನು ಕರೆತರಲು ಮೆಷಿನ್ ಶಾಪಿಗೆ ಹೋದರು. ಇವರು ಒಂದು ಸಲ ಇಳಿಜಾರಿನ ಕೆಳಗೆ ನೋಡಿದರು. ನಮ್ಮ ಚಿಕ್ಕವಳು ಅಲ್ಲಿಂದಲೇ ಕೈ ಬೀಸಿದಳು. ಆಮೇಲೆ ಜಾಕು ತಂದು ಗಾಡಿ ಎತ್ತಿ, ಅಡಿಗೆ ಮರದ ತುಂಡು ಪೇರಿಸಿದರು. ಮುಂದಿನ ಎಡಚಕ್ರ ಕಳಚಿ, ಅದರ ಆರು ನಟ್ಟನ್ನು ಗ್ರೀಸಿನ ಸಮೇತ ನನ್ನ ಹೊಸ ಸೀರೆಯ ಸೆರಗಿಗೆ ಸುರಿದರು.

“ಮಕ್ಕಳತ್ರ ಓಗಿ ಕುಂತ್ಕೊ. ಯಾರಾರ ಕೇಳಿದ್ರೆ ಪುರಿ ಅನ್ನು.”

ನಾನು ಇಳಿದು ಹೋಗಿ ಕುಳಿತೆ. ಮೇಲೆ ಮಂಗಳಾರತಿ ಆಯಿತು. ಮೊದಲನೇ ಗಾಡಿ ನಾಲ್ಕು ನಿಂಬೆಹಣ್ಣು ತುಳಿದು ಇಳಿದು ಬಂತು, ಮಕ್ಕಳು ಚಪ್ಪಾಳೆ ಹೊಡೆದವು. ಎರಡನೆಯದು ಬರಲಿಲ್ಲ. ನೋಡಿದರೆ ಹಾರ ಹಾಕಿಕೊಂಡ ಗಾಡಿ ಮರದ ಅಟ್ಟಣೆಯ ಮೇಲೆ ಒಂದು ಕಾಲು ಇಲ್ಲದೆ ನಿಂತಿದೆ. ಅದರ ಮುಂದೆ ಪುರೋಹಿತರು, ಓನರು, ಮ್ಯಾನೇಜರು. ಅಲ್ಲಿನ ಮಾತನ್ನು ನನಗೆ ಹೇಳಿದ್ದು ವೆಂಕಟಪ್ಪ. ಮ್ಯಾನೇಜರು ಇದೇನು ಅಂದರಂತೆ. ಇವರು ಕೈ ಕಟ್ಟಿಕೊಂಡು, “ಬ್ರೇಕಿಲ್ಲ ಸಾರ್. ಕೆಳಗೆ ಮಕ್ಕಳು ಕುಂತವ್ರೆ. ಕೆಲ್ಸ ಓದ್ರೂ ಸರಿ, ಚಕ್ರ ಆಕಾಕಿಲ್ಲ” ಅಂದರಂತೆ. ನಿಂಬೆಹಣ್ಣಿನ ಗತಿ ಏನು ಎಂದು ಪಟ್ಟಾಭಿರಾಮಯ್ಯನವರು ಕೇಳಿದ್ದಕ್ಕೆ ಇವರು ಪುರೋಹಿತರ ಕಡೆ ತಿರುಗಿ, “ತುಳಿಯೋದು ಚಕ್ರ ತಾನೆ ಸೋಮಿ, ಚಕ್ರ ಐತಲ್ಲ” ಅಂದರಂತೆ.

ಪುರೋಹಿತರಿಗೆ ಇನ್ನೂ ಎರಡು ಕಾರ್ಖಾನೆ ಬಾಕಿ ಇತ್ತು. ಶಾಸ್ತ್ರಕ್ಕೆ ಸಾಕು ಅಂದರು. ಇವರೂ ವೆಂಕಟಪ್ಪನೂ ಆ ಚಕ್ರವನ್ನು ಎತ್ತಿ ನಿಲ್ಲಿಸಿ ನಿಂಬೆಹಣ್ಣಿನ ಮೇಲೆ ಉರುಳಿಸಿದರು. ಹಣ್ಣು ಪಚಕ್ಕನೆ ಒಡೆಯಿತು. ಕೆಳಗೆ ಹೆಂಗಸರೆಲ್ಲ ನಕ್ಕರು. ಮ್ಯಾನೇಜರು ನಗಲಿಲ್ಲ. ಹಾರ ಸರಿಸಿ ಗಾಡಿ ಹತ್ತಿ, ಬ್ರೇಕಿನ ಮೇಲೆ ಕಾಲಿಟ್ಟರು. ಕಾಲು ಸೀದಾ ತಳಕ್ಕೆ ಹೋಯಿತು. ಇಳಿದು, ಶಾಮಿಯಾನದ ಕಡೆ ನೋಡಿ ಹೊರಟರು.

ಎರಡು ದಿನ ರಜಾ. ನಟ್ಟುಗಳು ನನ್ನ ಸೆರಗಿನಲ್ಲೇ ಗೇಟು ದಾಟಿ ಬಂದಿವೆ ಎಂದು ತಿಳಿದದ್ದು ಮನೆಗೆ ಬಂದ ಮೇಲೆ. ಇವರಿಗೆ ಊಟ ಸೇರಲಿಲ್ಲ, ನನಗೂ ಸೇರಲಿಲ್ಲ. ಮೂರನೆಯ ದಿನ ಆರನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲೆ ಇಟ್ಟರು.

“ಇವೂ ಗೇಟು ದಾಟಿದ್ವಾ ಸೊಣ್ಣಪ್ಪ?”

“ನಾನು ತಗೊಂಡೋಗ್ಲಿಲ್ಲ ಸಾರ್. ನಮ್ಮನೆಯವ್ರು.”

ಮ್ಯಾನೇಜರು ನಟ್ಟುಗಳನ್ನು ಎಣಿಸಿ ವಾಪಸು ಕೊಟ್ಟರು. ಅಂದೇ ಶೆಡ್ಡಿನಲ್ಲಿ ಬೀಗ ಹಾಕುವ ಒಂದು ಕಬ್ಬಿಣದ ಪೆಟ್ಟಿಗೆ ಇಡಿಸಿ, ನಿಂತ ಗಾಡಿಯ ಸಾಮಾನು ಅದರೊಳಗೆ, ಬೀಗದ ಕೈ ಸೊಣ್ಣಪ್ಪನ ಹತ್ತಿರ, ಯಾರ ಚೀಟಿಗೂ ತೆಗೆಯುವಂತಿಲ್ಲ ಎಂದು ಎಲ್ಲ ಫೋರ್‌ಮನ್ನರ ಎದುರಿಗೇ ಹೇಳಿದರು. ಪಟ್ಟಾಭಿರಾಮಯ್ಯನವರು ಇವರ ಜೊತೆ ಮಾತು ಬಿಟ್ಟರು.

ಪೈಪು ಬಂದದ್ದು ಮಾರನೆಯ ದಿನ. ಇವರು ಬ್ರೇಕು ಸರಿ ಮಾಡಿ, ಚಕ್ರ ಕೂರಿಸಿ, ಗಾಡಿ ಕೊಡಲು ಹೋದರು. ಪಟ್ಟಾಭಿರಾಮಯ್ಯನವರು ಬಾಯಿ ಬಿಡದೆ ಇಳಿಜಾರಿನ ಕಡೆ ಕೈ ತೋರಿಸಿದರಂತೆ. ಇವರು ಇಳಿಸಿ, ಅರ್ಧಕ್ಕೆ ನಿಲ್ಲಿಸಿದರು. ಅವರು ಇನ್ನೊಂದು ಸಲ ಎಂದು ಬೆರಳೆತ್ತಿದರಂತೆ. ಇವರು ಮತ್ತೆ ಮೇಲೆ ತಂದು, ಇಳಿಸಿ, ನಿಲ್ಲಿಸಿದರು. ಆಮೇಲೇ ಫೋರ್‌ಮನ್ ಸಾಹೇಬರು ವೆಂಕಟಪ್ಪನನ್ನು ಸೀಟಿಗೆ ಹತ್ತಿಸಿದ್ದು.