ಗಂಡಿನ ಮನೆ ವಿಚಾರಿಸುವ ವೃಷಭೇಂದ್ರಪ್ಪ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಹಾಗಾದರೆ ಆ ಸಾವಿರವನ್ನೂ ಹಿಡಿದು ಹಾಕಲು ಒಬ್ಬ ಮನುಷ್ಯ ಬೇಕಲ್ಲ? ನಮ್ಮೂರು ಉಡಿಗಾಲದಲ್ಲಿ ಆ ಮನುಷ್ಯ ನಮ್ಮ ಭಾವ ವೃಷಭೇಂದ್ರಪ್ಪ, ನನ್ನ ಅಕ್ಕ ಮಲ್ಲಾಜಮ್ಮನ ಗಂಡ. ಊರಿನ ಯಾರ ಮನೆಯ ಹೆಣ್ಣಿಗೆ ಸಂಬಂಧ ಬಂದರೂ ಗಂಡಿನ ಊರಿಗೆ ಹೋಗಿ ವಿಚಾರಿಸಿಕೊಂಡು ಬರಲು ಭಾವನನ್ನೇ ಕರೆಯುತ್ತಿದ್ದರು. ಬಿಳಿ ಪಂಚೆ, ಹಣೆಗೆ ವಿಭೂತಿ, ಕಂಕುಳಲ್ಲಿ ಛತ್ರಿ. ಜೊತೆಗೆ ನಾನು. ಇಬ್ಬರು ಹೋದರೆ ವಿಚಾರಣೆಗೆ ಬಂದವರಂತೆ ಕಾಣುವುದಿಲ್ಲ ಎಂಬುದು ಭಾವನ ಎಣಿಕೆ. ಇಬ್ಬರು ಹೋದರೇ ಹಾಗೆ ಕಾಣುತ್ತದೆ ಎಂಬುದು ನನ್ನ ಎಣಿಕೆ. ಆದರೆ ಭಾವನ ಎದುರು ಬಾಯಿಬಿಡುವವರು ಯಾರು?

ಅವರು ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ನೀರು ಬೆರೆಸಿದರೆ ಬೈಯುವರು, ಬೆರೆಸದಿದ್ದರೆ ಇವತ್ತು ಯಾಕೆ ಬೆರೆಸಲಿಲ್ಲ ಎಂದು ಯೋಚಿಸುವರು. ವಿಚಾರಣೆಗೆ ಅವರದೇ ಕಟ್ಟಳೆಗಳಿದ್ದವು. ಗಂಡಿನ ನೆಂಟರನ್ನು ಕೇಳಲೇಬಾರದು. ಕ್ಷೌರದಂಗಡಿ, ಟೀ ಅಂಗಡಿ, ಹಿಟ್ಟಿನ ಮಿಲ್ಲು, ಈ ಕಡೆ ಹೋಗಬೇಕು. ಹೊಗಳಿದವನ ಮಾತಿನಲ್ಲಿ ಅರ್ಧ ಕಳೆಯಬೇಕು. ಬೈದವನಿಗೆ ಆ ಮನೆಯ ಮೇಲೆ ಹೊಟ್ಟೆಕಿಚ್ಚು ಇದೆಯೇ ಎಂದು ನೋಡಬೇಕು. ಆದರೆ ‘ಗೊತ್ತಿಲ್ಲ’ ಎಂದವನು ಸಿಕ್ಕಿದನೋ, ಅಲ್ಲಿಗೆ ಮುಗಿಯಿತು.

ಇದು ಭಾವ ಒಬ್ಬರ ಹುಚ್ಚಲ್ಲ, ನಮ್ಮ ಸೀಮೆಯ ರೂಢಿಯೇ ಹಾಗೆ. ಮದುವೆ ಮುರಿದ ಪಾಪ ಯಾರಿಗೂ ಬೇಡ. ಹುಡುಗ ಕುಡಿದು ಮೋರಿಯಲ್ಲಿ ಬಿದ್ದಿದ್ದರೂ ಎದುರುಮನೆಯವನು ಅದನ್ನು ಹೇಳುವುದಿಲ್ಲ. ‘ನಂಗೊತ್ತಿಲ್ಲ ಕಣಪ್ಪ’ ಎಂದು ಮುಖ ತಿರುಗಿಸುತ್ತಾನೆ. ಕೇಳಿದವರು ಅರ್ಥ ಮಾಡಿಕೊಂಡು ಬಸ್ ಹತ್ತಬೇಕು. ಭಾವ ಹೀಗೆ ಬಸ್ ಹತ್ತಿ ಬಂದು ಎಷ್ಟೋ ಹೆಣ್ಣುಮಕ್ಕಳನ್ನು ಉಳಿಸಿದ್ದಾರೆ ಎಂದು ಊರು ನಂಬಿತ್ತು. ನಿಜವಾಗಿ ಉಳಿಸಿದರೋ ಇಲ್ಲವೋ ಹೇಳುವವರು ಯಾರು, ಆಗದ ಮದುವೆ ಹೇಗಿರುತ್ತಿತ್ತು ಎಂದು ಕಂಡವರಿಲ್ಲವಲ್ಲ.

ತೊಂದರೆ ಶುರುವಾದದ್ದು ಅವರ ಸ್ವಂತ ಮಗಳಿಗೆ ಗಂಡು ನೋಡಲು ಹೊರಟಾಗ. ಕಾವ್ಯಶ್ರೀ ಬಿ.ಎಡ್. ಮಾಡಿ ಚಾಮರಾಜನಗರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಬಂದ ಗಂಡುಗಳಿಗೆಲ್ಲ ಭಾವ ಒಂದೊಂದು ಕೊಕ್ಕೆ ತೆಗೆದರು. ಒಬ್ಬನ ಮನೆಯ ಎಮ್ಮೆ ಬಡಕಲಾಗಿತ್ತು. ಎಮ್ಮೆಗೆ ಹುಲ್ಲು ಹಾಕದವರು ಸೊಸೆಗೆ ಅನ್ನ ಹಾಕುತ್ತಾರಾ? ಇನ್ನೊಬ್ಬರ ಬಾಗಿಲಿಗೆ ಹೊಸ ಬೀಗ ಇತ್ತು, ಯಾರಿಗೆ ಹೆದರಿ? ಮತ್ತೊಂದು ಮನೆಯಲ್ಲಿ ಕಾಫಿ ಬೇಗ ಬಂತು; ಇವರಿಗೇಕೆ ಇಷ್ಟು ಅವಸರ? ಹೀಗೆ ಮೊಸರಿನಲ್ಲಿ ಕಲ್ಲು ಹುಡುಕುತ್ತ ಹುಡುಕುತ್ತ ಮಗಳಿಗೆ ಇಪ್ಪತ್ತೇಳು ತುಂಬಿತು. ಅಕ್ಕ ದೇವರ ಮನೆಯಲ್ಲಿ ಕೂತು ಅಳುವುದನ್ನು ನಾನು ನೋಡಿದ್ದೇನೆ. ನನಗೆ ಭಾವನ ಮೇಲೆ ಸಿಟ್ಟು ಬರುತ್ತಿತ್ತು.

ಎರಡು ಸಾವಿರದ ಆರರ ಕಾರ್ತಿಕದಲ್ಲಿ ಗುಂಡ್ಲುಪೇಟೆಯ ಸೋಮೇಶನ ಸಂಬಂಧ ಬಂತು. ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ ಇಟ್ಟಿದ್ದ, ಮನೆಯಲ್ಲಿ ತಾಯಿ ಗಂಗಾಂಬಿಕೆ ಒಬ್ಬರೇ. ಹೆಣ್ಣು ನೋಡಲು ಬಂದು ಹೋದ ಸಂಜೆ ಕಾವ್ಯಶ್ರೀ ತಾಯಿಯ ಹತ್ತಿರ, “ಇದೊಂದು ಆಗ್ಲಿ ಕಣವ್ವ” ಎಂದಳಂತೆ. ಅವಳು ಹಾಗೆ ಹೇಳಿದ್ದು ಅದೇ ಮೊದಲು. ಈ ಸಲವೂ ಮುರಿದರೆ ಮಗಳು ಇನ್ನು ಯಾರ ಮುಂದೆಯೂ ಬಂದು ಕೂರುವುದಿಲ್ಲ ಎಂದು ಅಕ್ಕ ನನ್ನ ಕೈ ಹಿಡಿದು ಹೇಳಿದಳು.

ನಾವು ಗುಂಡ್ಲುಪೇಟೆಗೆ ಹೋದೆವು. ಟೀ ಅಂಗಡಿಯಲ್ಲಿ ಭಾವ ಎಂದಿನಂತೆ, “ಗೋಪಾಲಸ್ವಾಮಿ ಬೆಟ್ಟಕ್ಕೆ ಹೊಂಟಿದ್ದೊ ಕಣಪ್ಪ, ಬಸ್ಸು ತಡ ಅಂದ್ರು” ಎಂದರು.

ಟೀ ಕಾಸುತ್ತಿದ್ದವನು ತಲೆ ಎತ್ತಲಿಲ್ಲ. “ಬೆಟ್ಟಕ್ಕೋಗೋರೆಲ್ಲ ಇಲ್ಲೇ ಕುಂತು ಯಾವುದಾರ ಹುಡ್ಗನ್ ಬಗ್ಗೆ ಕೇಳ್ತರೆ. ನಿಮ್ದು ಯಾರು?”

ಭಾವ ಛತ್ರಿಯನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿ ಸೋಮೇಶನ ಹೆಸರು ಹೇಳಿದರು.

“ಚಿನ್ನದಂತಾ ಹುಡ್ಗ!”

ಹಿಟ್ಟಿನ ಮಿಲ್ಲಿನ ಗೋವಿಂದಯ್ಯನೂ ಚಿನ್ನದಂಥ ಹುಡುಗ ಎಂದ. ಕ್ಷೌರದಂಗಡಿಯಲ್ಲೂ ಚಿನ್ನವೇ. ಹೊರಗೆ ಬಂದು ಭಾವ ಪಿಸುಗುಟ್ಟಿದರು: “ಎಲ್ರೂ ಚಿನ್ನ ಅಂದ್ರಲ್ಲ, ಒಬ್ನಾದ್ರೂ ಬೆಳ್ಳಿ ಅಂದ್ನಾ? ಏಳ್ಕೊಟ್ಟವ್ರೆ ಕಣ್ಲಾ.”

“ಅದೆಂಗೆ ಏಳ್ತೀರಿ ಭಾವ?”

ಭಾವ ಕೆಮ್ಮಿದರು. ಅದು ಹೇಗೆ ಎಂದು ನನಗೆ ಗೊತ್ತಿತ್ತು. ಗಂಡಿನ ಕಡೆಯವರು ನಮ್ಮೂರಿಗೆ ವಿಚಾರಿಸಲು ಬರುತ್ತಾರೆ ಎಂದು ಸುಳಿವು ಸಿಕ್ಕಾಗ, ಉಡಿಗಾಲದ ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಕಾವ್ಯಶ್ರೀ ಬಗ್ಗೆ ಏನು ಹೇಳಬೇಕು ಎಂದು ಹೇಳಿಕೊಟ್ಟು ಬಂದವರು ಇದೇ ಭಾವ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು, ಇವರು ಎದುರಿಗಿದ್ದವನ ಹೆಗಲು ನೋಡುತ್ತಿದ್ದರು.

ಸೋಮೇಶನ ಮನೆಯ ಎದುರಿಗೇ ಒಂದು ಹಾಸಿಗೆ ಅಂಗಡಿ. ಯಜಮಾನ ಅಪ್ಸರ್ ಪಾಷಾ ಬೂರುಗದ ಹತ್ತಿ ಹಿಂಜುತ್ತಾ ಕೂತಿದ್ದರು, ಗಡ್ಡದ ಮೇಲೆಲ್ಲ ಹತ್ತಿ. ಒಳಗಡೆ ಅವರ ಹೆಂಡತಿ ಹಮೀದಾ ದಿಂಬಿನ ಗೌಸು ಹೊಲಿಯುತ್ತಿದ್ದರು. ಊರಿನ ಅರ್ಧ ಮದುವೆಗಳಿಗೆ ಹಾಸಿಗೆ ಹೋಗುವುದು ಇವರ ಅಂಗಡಿಯಿಂದಲೇ. ಎದುರುಮನೆ ಬೇರೆ. ಇವರಿಗೆ ಗೊತ್ತಿಲ್ಲದ್ದು ಇನ್ನಾರಿಗೆ ಗೊತ್ತು ಎಂದು ಭಾವ ನೇರವಾಗಿ ಕೇಳಿದರು: “ಸಾಬ್ರೆ, ಸೋಮೇಶ ನಮ್ ಹುಡ್ಗೀನ ಸುಖವಾಗಿ ಇಟ್ಕತಾನಾ?”

ಅಪ್ಸರ್ ಪಾಷಾ ಹತ್ತಿ ಹಿಂಜುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಎದುರುಮನೆಯ ಕಡೆ ನೋಡಿದರು. “ನನಗೆ ಗೊತ್ತಿಲ್ಲ ಯಜಮಾನ್ರೆ” ಎಂದರು.

ಭಾವ ನನ್ನ ಮೊಣಕೈ ಹಿಡಿದೆಳೆದರು. “ನಡಿಲಾ, ಓಗನ.”

ಮನೆಗೆ ಬಂದು ಸಂಬಂಧ ಬೇಡ ಎಂದುಬಿಟ್ಟರು. ಅಕ್ಕನಿಗೆ ತಡೆಯಲಾಗಲಿಲ್ಲ. “ನಿಮ್ಮ ಅನ್ಮಾನಕ್ಕೆ ನನ್ ಮಗ್ಳು ಇಲ್ಲೇ ಮುದ್ಕಿ ಆಗ್ಬೇಕಾ?” ಎಂದು ಕೂಗಿದಳು. ಕಾವ್ಯಶ್ರೀ ಮಾತ್ರ ಮೆಲ್ಲಗೆ ಕೇಳಿದಳು: “ಅವ್ರಿಗೆ ಏನು ಗೊತ್ತಿಲ್ವಂತೆ ಅಪ್ಪ?”

“ಏನು ಅಂದ್ರೇನಮ್ಮಿ? ಗೊತ್ತಿಲ್ಲ ಅಂದ್ರು. ಅಷ್ಟೇಯ.”

“ಹಂಗಾದ್ರೆ ನಾನೇ ಓಗಿ ಕೇಳ್ತೀನಿ. ನಾಳೆ ಸ್ಕೂಲ್‌ಗೆ ರಜ ಹಾಕ್ತೀನಿ. ಮಾವ, ನೀನು ಬತ್ತೀಯಾ?”

ಹೆಣ್ಣು ತಾನೇ ಗಂಡಿನ ಬೀದಿಗೆ ಹೋಗಿ ವಿಚಾರಿಸುವುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಭಾವ ಹಾರಾಡಿದರು. ಬೆಳಿಗ್ಗೆ ನಾವಿಬ್ಬರೂ ಬಸ್ ಹತ್ತಿದಾಗ, ಮುಂದಿನ ಸೀಟಿನಲ್ಲಿ ನಮ್ಮ ಪರಿಚಯವೇ ಇಲ್ಲದವರಂತೆ ಛತ್ರಿ ಹಿಡಿದು ಕೂತಿದ್ದರು.

ಕಾವ್ಯಶ್ರೀ ಬೆಟ್ಟ ಗಿಟ್ಟ ಎನ್ನಲಿಲ್ಲ. ಅಂಗಡಿಯ ಮುಂದೆ ನಿಂತು, “ನಾನೇ ಆ ಹುಡ್ಗಿ. ಅವ್ರು ಕೆಟ್ಟವ್ರಾ?” ಎಂದಳು.

“ಗೊತ್ತಿಲ್ಲಮ್ಮ.”

“ಒಳ್ಳೆಯವ್ರಾ?”

“ಅದೂ ಗೊತ್ತಿಲ್ಲ” ಎಂದರು ಅಪ್ಸರ್ ಪಾಷಾ. “ಬೀದೀಲಿ ಹೆಂಗಿರ್ತಾನೆ ಅಂತ ಗೊತ್ತು. ಜಗಳ ಆಡಿದ್ದು ನೋಡಿಲ್ಲ. ತಾಯಿ ಹಾಸಿಗೇನ ಹತ್ತಿ ಹಿಂಜಿಸೋಕೆ ತಾನೇ ತಲೆ ಮೇಲೆ ಹೊತ್ಕೊಂಡು ಬರ್ತಾನೆ. ಹೆಂಡ್ತಿ ಜೊತೆ ಹೆಂಗಿರ್ತಾನೆ ಅಂದ್ರೆ, ಅವನಿಗೆ ಹೆಂಡ್ತಿನೇ ಇಲ್ವಲ್ಲಮ್ಮ, ನಾನು ಎಲ್ಲಿಂದ ನೋಡ್ಲಿ?”

ಹಿಂದೆ ನಿಂತಿದ್ದ ಭಾವ ಮುಂದೆ ಬಂದರು. “ಇದ್ನ ನೆನ್ನೇನೆ ಏಳ್ಬೋದಿತ್ತಲ್ಲ ಸಾಬ್ರೆ!”

“ನಿನ್ನೆ ಕೇಳಿದ್ದು ಸುಖವಾಗಿ ಇಟ್ಕೊತಾನಾ ಅಂತ. ಅದು ಗೊತ್ತಿಲ್ಲ ಅಂದೆ. ನೀವು ಎದ್ದು ಹೋಗಿಬಿಟ್ರಿ.”

ಒಳಗಿನಿಂದ ಹಮೀದಾ ಮಾತಾಡಿದರು. ನಮ್ಮ ಕಡೆ ನೋಡಲಿಲ್ಲ. “ನಮ್ಮ ಮಗಳು ಫಾಯಿಜಾಗೆ ಗಂಡು ನೋಡಿದಾಗ ಎಲ್ಲರೂ ಗೊತ್ತು, ಗೊತ್ತು ಅಂದ್ರು. ಮಗು ಎತ್ಕೊಂಡು ವಾಪಸ್ ಬಂದ್ಳು. ಗೊತ್ತು ಅಂದವರು ಒಬ್ರೂ ಬಾಗಿಲಿಗೆ ಬರ್ಲಿಲ್ಲ.” ಆಕೆಯ ಪಕ್ಕದಲ್ಲಿ ದಿಂಬಿಗೆ ಹತ್ತಿ ತುಂಬುತ್ತಿದ್ದ ಹೆಂಗಸು ತಲೆ ತಗ್ಗಿಸಿದಳು. ಅವಳೇ ಫಾಯಿಜಾ ಎಂದು ನನಗೆ ಆಗ ತಿಳಿಯಿತು.

ಭಾವನಿಗೆ ಇನ್ನೂ ಸಮಾಧಾನವಿಲ್ಲ. “ಆದ್ರೂ ಇಷ್ಟು ವರ್ಸ ಎದುರುಮನೇಲಿದ್ದು ಗೊತ್ತಿಲ್ಲ ಅಂದ್ರೆ ನಂಬೋ ಮಾತಾ ಸಾಬ್ರೆ? ಯಾರ್ಗೋ ಹೆದರ್ಕಂಡಿದ್ದೀರಿ.”

ಅಪ್ಸರ್ ಪಾಷಾಗೆ ಈಗ ಸಿಟ್ಟು ಬಂತು. “ನಾನು ಎದುರುಮನೇಲಿದ್ದೀನಿ. ನೀವು ಒಂದೇ ಮನೇಲಿದ್ದೀರಿ. ನಿಮ್ಮ ಮಗಳು ಅತ್ತೆ ಮನೇಲಿ ಹೆಂಗಿರ್ತಾಳೆ, ನೀವು ಹೇಳಿ ನೋಡೋಣ!”

“ನನ್ ಮಗ್ಳು ಚಿನ್ನ...” ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಅದು ಯಾರ ಮಾತು, ಆ ಮಾತಿಗೆ ತಾವೇ ಏನು ಬೆಲೆ ಕಟ್ಟಿದ್ದರು ಎಂದು ಅವರಿಗೆ ನೆನಪಾಗಿರಬೇಕು. ಮಗಳ ಕಡೆ ತಿರುಗಿದರು. ಅಪ್ಪ ಏನು ಹೇಳುತ್ತಾರೋ ಎಂದು ಅವಳೂ ನೋಡುತ್ತಿದ್ದಳು. ಅದೇ ಹೊತ್ತಿಗೆ, ಬೀದಿಯಲ್ಲಿ ಗಲಾಟೆ ಕೇಳಿ ಎದುರುಮನೆಯ ಬಾಗಿಲಿಗೆ ಗಂಗಾಂಬಿಕೆ ಬಂದು ನಿಂತದ್ದು ನನಗೆ ಕಂಡಿತು. ಭಾವನ ಬೆನ್ನು ಆ ಕಡೆಗಿತ್ತು. ನಾನು ಕಣ್ಸನ್ನೆ ಮಾಡಿದೆ, ಅವರು ನೋಡಲಿಲ್ಲ.

“ಗೊತ್ತಿಲ್ಲ” ಎಂದರು ಭಾವ.

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೆ ಬಂದ ಜಾಗ ನೋಡಿ! ಗಂಡಿನ ತಾಯಿಯ ಕಿವಿಗೆ ಬೀಳುವಂತೆ, ನಡುಬೀದಿಯಲ್ಲಿ, ಹೆತ್ತ ಅಪ್ಪನೇ ಮಗಳ ಬಗ್ಗೆ ಗೊತ್ತಿಲ್ಲ ಎಂದರೆ ನಮ್ಮ ಸೀಮೆಯಲ್ಲಿ ಅದಕ್ಕಿರುವುದು ಒಂದೇ ಅರ್ಥ. ಭಾವ ತಿರುಗಿ ಗಂಗಾಂಬಿಕೆಯನ್ನು ಕಂಡರು. ಇಷ್ಟು ದಿನ ಬಂದ ಗಂಡುಗಳನ್ನೆಲ್ಲ ಕಳೆದದ್ದು ಸಾಲದೆಂದು ಈಗ ಮಗಳ ಬಾಳನ್ನೂ ನಾನೇ ಕಳೆದೆ ಎಂದುಕೊಂಡರೋ ಏನೋ, ಛತ್ರಿಯನ್ನು ಎದೆಗೆ ಒತ್ತಿಕೊಂಡರು. ಕಾವ್ಯಶ್ರೀ ಅಪ್ಪನ ಪಕ್ಕಕ್ಕೆ ಹೋಗಿ ನಿಂತಳು.

ಗಂಗಾಂಬಿಕೆ ಮೆಟ್ಟಿಲಿಳಿದು ಬಂದರು. “ನಿಮ್ಮೂರಿಗೆ ನಮ್ಮೋರು ಓಗಿದ್ರು ಕಣಿ. ಎಲ್ರೂ ಒಂದೇ ಬಾಯಲ್ಲಿ ಚಿನ್ನ ಚಿನ್ನ ಅಂದ್ರಂತೆ. ನಮ್ಗೂ ಅನ್ಮಾನ ಬಂದು ಸುಮ್ನಿದ್ದೊ. ನಾವೂ ಇಲ್ಲಿ ಅಂಗೇ ಏಳ್ಕೊಟ್ಟಿದ್ದೊ, ತಿಳೀದೆ ಇರ್ತದಾ?” ಎಂದರು. ಆಮೇಲೆ ಭಾವನ ಮುಖ ನೋಡಿ, “ನೀವೊಬ್ರಾದ್ರೂ ನಿಜ ಏಳಿದ್ರಲ್ಲ. ನನ್ ಮಗ ಹೆಂಡ್ತೀನ ಹೆಂಗ್ ನೋಡ್ಕತಾನೋ ನನ್ಗೂ ಗೊತ್ತಿಲ್ಲ. ಬನ್ನಿ ಒಳಕ್ಕೆ” ಎಂದರು.

ಸೋಮೇಶನನ್ನು ಅಂಗಡಿಯಿಂದ ಕರೆಸಿದರು. ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಬಂದ. ಅವನೂ ಕಾವ್ಯಶ್ರೀಯೂ ಹಿತ್ತಲ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಭಾವ ನಡುಮನೆಯಲ್ಲಿ ಕಾಫಿ ಲೋಟ ಹಿಡಿದು ಕಿವಿಯನ್ನು ಆ ಕಡೆಗೇ ಕೊಟ್ಟು ಕೂತಿದ್ದರು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಮಾಘದಲ್ಲಿ ಮದುವೆಯಾಯಿತು. ಹಾಸಿಗೆ ಹೊಲಿದು ಕೊಟ್ಟವರು ಅಪ್ಸರ್ ಪಾಷಾ.

ಯುಗಾದಿಗೆ ಕಾವ್ಯಶ್ರೀ ಮೊದಲ ಸಲ ತವರಿಗೆ ಬಂದಳು. ಅಕ್ಕ ಅವಳ ಮುಖ, ಕೈ, ಕತ್ತು ಎಲ್ಲ ನೋಡಿದಳು. ನಾನೂ ಕಳ್ಳಗಣ್ಣಿನಲ್ಲಿ ನೋಡಿದೆ, ಏನನ್ನಾದರೂ ಮುಚ್ಚಿಡುತ್ತಿದ್ದಾಳೋ ಎಂದು. ಊಟಕ್ಕೆ ಕೂತಾಗ ಭಾವ ಗಂಟಲು ಸರಿಮಾಡಿಕೊಂಡರು. ಕ್ಷೌರದಂಗಡಿಯವನನ್ನಲ್ಲ, ಮಿಲ್ಲಿನವನನ್ನಲ್ಲ, ಅವಳನ್ನೇ ಕೇಳಿದರು: “ಹೆಂಗವ್ನಮ್ಮಿ ಅವ್ನು?”

ಕಾವ್ಯಶ್ರೀ ಅನ್ನ ಕಲೆಸುತ್ತಾ ಯೋಚಿಸಿದಳು. “ಇನ್ನೂ ಪೂರ್ತಿ ಗೊತ್ತಿಲ್ಲ ಕಣಪ್ಪ. ಗೊತ್ತು ಮಾಡ್ಕತಾ ಇವ್ನಿ. ಅವ್ರೂ ನನ್ನ ಗೊತ್ತು ಮಾಡ್ಕತಾವ್ರೆ.”

ಮೊದಲಾಗಿದ್ದರೆ ಈ ಮಾತಿಗೆ ಭಾವ ಮರುದಿನವೇ ಛತ್ರಿ ಹುಡುಕುತ್ತಿದ್ದರು. ಅವತ್ತು, “ಬುಡು, ನಾನು ನಿಮ್ಮವ್ವನ್ನ ಅಷ್ಟೂ ಗೊತ್ತು ಮಾಡ್ಕಂಡಿಲ್ಲ” ಎಂದರು. ಅಕ್ಕ ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ಅಲ್ಲೇ ನಿಂತಿದ್ದಳು. ಭಾವ ತಲೆ ಎತ್ತಿ, “ನೀನೂ ಕುಂತ್ಕ, ಉಣ್ಣನ” ಎಂದರು.