ಅಜ್ಜಿ ಕೇಳಿದ ಹೂಂ

ಮೈಕಿನ ಮುಂದೆ ಕುಳಿತ ಗುರುಪುರದ ಅಜ್ಜಿ ಒಂದು ಮಾತು ಹೇಳಿ ಸುಮ್ಮನಾದರು. ಮುಂದುವರಿಸಿ ಎಂದು ಕೈಸನ್ನೆ ಮಾಡಿದೆ. ಇನ್ನೊಂದು ಮಾತು ಹೇಳಿದರು, ಮತ್ತೆ ನಿಲ್ಲಿಸಿದರು.

ಹುಣಸೂರಿನಲ್ಲಿ ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಬಲಗೈ ಮುರಿದಿದ್ದರಿಂದ, ಆಡಿದ ಮಾತನ್ನು ಕೇಳಿ ತಾನೇ ಟೈಪ್ ಮಾಡುವ ಪ್ರೋಗ್ರಾಂ ಒಂದನ್ನು ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದೆ. ಪಕ್ಕದಲ್ಲಿ ಯಾರು ಮಾತಾಡಿದರೂ ಅದು ಅದನ್ನೂ ಬರೆದುಬಿಡುತ್ತದೆ. ಹಾಗಾಗಿ ನಾನು ಬಾಯಿ ಬಿಗಿಹಿಡಿದು ಕುಳಿತಿದ್ದೆ. ಅಜ್ಜಿಯದು ಆನೆ ತುಳಿದ ಜೋಳಕ್ಕೆ ಪರಿಹಾರ ಕೇಳುವ ಅರ್ಜಿ, ಕೊಡಲು ಅಂದೇ ಕೊನೆಯ ದಿನ. ನನಗೆ ರೇಗಿತು. "ಯಾಕಜ್ಜಿ ನಿಲ್ಲಿಸ್ತೀರಿ?" ಎಂದೆ.

"ನೀನು ಊಂ ಅನ್ನಾಕಿಲ್ವಲ್ಲ ಮಗಾ. ಕೇಳೋರಿಲ್ದೆ ಯಾರ್ಗೆ ಅಂತ ಏಳ್ಲಿ?"

ನಾಚಿಕೆಯಾಯಿತು. "ಹೂಂ" ಎಂದೆ. ಅಜ್ಜಿಯ ಮಾತು ಬಿಚ್ಚಿಕೊಂಡಿತು. ಮುರಿದ ಬೇಲಿ, ನೆಲ ಕಚ್ಚಿದ ಜೋಳ, ಆನೆ ಓಡಿಸಲು ತಗಡು ಬಡಿದು ಬಡಿದು ಊದಿಕೊಂಡ ಅಂಗೈ, ಎಲ್ಲವೂ ಬಂತು. ಪ್ರತಿ ಮಾತಿನ ಹಿಂದೆ ನನ್ನ ಹೂಂ ಕೂಡ ಪರದೆಯ ಮೇಲೆ ಮೂಡುತ್ತಾ ಹೋಯಿತು. ಆ ಹೂಂಗಳಷ್ಟನ್ನೂ ಎಡಗೈಯಲ್ಲಿ ಒಂದೊಂದಾಗಿ ಅಳಿಸಿ, ಕಚೇರಿ ಮುಚ್ಚುವ ಮುಂಚೆ ಅರ್ಜಿ ಕೊಟ್ಟೆವು.

ಈಗ ಕೈ ಕೂಡಿಕೊಂಡಿದೆ, ಬೆರಳುಗಳು ಮೊದಲಿನಂತೆ ಓಡುತ್ತವೆ. ಆ ಅಜ್ಜಿಯ ಮಾತು ಮಾತ್ರ ಮರೆತಿಲ್ಲ. ಯಾರೇ ಬಂದು ಕುಳಿತರೂ ಮೊದಲು ಕೀಬೋರ್ಡ್ ಪಕ್ಕಕ್ಕೆ ಸರಿಸಿ, "ಹೂಂ, ಹೇಳಿ" ಎನ್ನುತ್ತೇನೆ.