ಲಿಂಕ್ ಅಕ್ಕನ ಓಣಿ

ರಸೆಲ್ ಮಾರುಕಟ್ಟೆಯ ಹಿಂದಿನ ಆ ಮಹಡಿ ಕಂಡರೆ ಈಗಲೂ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಸೀರೆ, ಪಾತ್ರೆ, ಮಕ್ಕಳ ಬಟ್ಟೆ ಮಾರುವ ಒಂದು ಪುಟ್ಟ ಆನ್‌ಲೈನ್ ಅಂಗಡಿಯ ಕಚೇರಿ ಅಲ್ಲಿತ್ತು. ಜಾಹೀರಾತು ಕೊಡಲು ಗತಿಯಿಲ್ಲದ ಅಂಗಡಿ, ಅದಕ್ಕೇ ಅಫಿಲಿಯೇಟ್ ಯೋಜನೆ ಹೂಡಿತ್ತು. ನಾವು ಕೊಟ್ಟ ಲಿಂಕನ್ನು ನೀವು ಗುರುತಿನವರಿಗೆ ಕಳಿಸಬೇಕು, ಅದನ್ನು ಒತ್ತಿ ಅವರು ಏನಾದರೂ ಕೊಂಡರೆ ನಿಮಗೊಂದು ಪಾಲು. ಇಂಥ ಪಾರ್ಟ್‌ನರ್‌ಗಳನ್ನು ಹುಡುಕುವುದು, ಸಿಕ್ಕವರು ಬಿಟ್ಟುಹೋಗದಂತೆ ಹುರಿದುಂಬಿಸುವುದು ನನ್ನ ಕೆಲಸ.

ಹುಡುಕುವುದೇನು ಸುಲಭವೇ? ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ನಾನು ಹುಟ್ಟಿ ಬೆಳೆದ ಹಲಸೂರಿನಲ್ಲೇ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. "ಇದು ಚೈನ್ ಸಿಸ್ಟಮ್ಮಾ? ಮೊದ್ಲು ನಾವೆಷ್ಟು ಕಟ್ಬೇಕು?" ಎಂದು ಕೇಳದವರಿಲ್ಲ. "ಏನೂ ಕಟ್ಟೋದ್ ಬೇಡ ರೀ" ಅಂದರೆ ಅನುಮಾನ ಇನ್ನೂ ಜಾಸ್ತಿ. ಇಂದಿರಾನಗರದ ಹುಡುಗಿಯರು ನಗುನಗುತ್ತಾ ಸೇರಿ, ನಾಲ್ಕು ದಿನ ಸ್ಟೇಟಸ್ ಹಾಕಿ, ಆಮೇಲೆ ನನ್ನ ಫೋನೇ ಎತ್ತುತ್ತಿರಲಿಲ್ಲ.

ನೆಚ್ಚಿಕೊಂಡು ನಿಂತವಳು ಕೆ.ಆರ್. ಪುರದ ಅಕ್ಕ. ಕಲಬುರಗಿ ಕಡೆಯವಳು, ಗಂಡ ಗಾರೆ ಕೆಲಸದವನು. ಅವರದು ಒಂದೇ ಕೋಣೆಯ ಬಾಡಿಗೆ ಮನೆ. ಆ ಓಣಿಯ ಕೋಣೆಗಳಲ್ಲೆಲ್ಲ ಅದೇ ಕಡೆಯ ಜನ. ಅವಳು ಲಿಂಕ್ ಕಳಿಸಿ ಸುಮ್ಮನಾಗುವವಳಲ್ಲ. ನಲ್ಲಿಯ ಹತ್ತಿರ ನಿಂತು, ಈ ಬಣ್ಣ ನಿನಗೆ ಒಪ್ಪುವುದಿಲ್ಲ, ಬೇರೆ ನೋಡು ಎಂದು ಹೆಂಗಸರ ಜೊತೆ ಜಗಳಾಡುತ್ತಿದ್ದಳು. ಓಣಿಯವರು ಲಿಂಕ್ ಅಕ್ಕ ಎಂದೇ ಹೆಸರಿಟ್ಟಿದ್ದರು. ಹುರಿದುಂಬಿಸಲು ಹೋದ ನನಗೇ ಅವಳು ಜೋಳದ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ತಿನ್ನಿಸಿ ಹುರುಪು ತುಂಬಿ ಕಳಿಸುತ್ತಿದ್ದಳು. ಆ ಅಂಗಡಿ ಈಗ ಮುಚ್ಚಿಹೋಗಿದೆ. ಕಲ್ಯಾಣ ನಗರದ ತಣ್ಣನೆಯ ಕಚೇರಿಯೊಂದರಲ್ಲಿ ಕೂತು ಪರದೆಯ ಮೇಲೇ ಪಾರ್ಟ್‌ನರ್‌ಗಳನ್ನು ಹುಡುಕುತ್ತೇನೆ. ಅವರಲ್ಲಿ ಯಾರ ಮನೆಯ ರೊಟ್ಟಿ ಹೇಗಿರುತ್ತದೋ ನನಗೆ ಗೊತ್ತಿಲ್ಲ.

ಆ ದಿನಗಳಲ್ಲಿ ತನಗೊಂದು ಪಾಲು ಬರುತ್ತದೆ ಅನ್ನುವುದನ್ನು ಮಾತ್ರ ಅಕ್ಕ ಓಣಿಯಲ್ಲಿ ಬಾಯಿಬಿಟ್ಟಿರಲಿಲ್ಲ. "ಹೇಳಿದ್ರೆ ಏನಾಗುತ್ತಕ್ಕಾ?" ಅಂದರೆ ಗಾಬರಿಯಾಗುತ್ತಿದ್ದಳು.

"ಊರು ಬಿಟ್ಟು ಬಂದೀವಿ, ಇಲ್ಲಿ ಇವರಽ ನಮ್ಮ ಬಳಗ. ಬಳಗದವರ ಬಲ್ಲಿ ದಲಾಲಿ ತಿಂತೀನಂತ ಹ್ಯಾಂಗ ಹೇಳ್ಲಿ ಅಕ್ಕಾರ?"

ನಮ್ಮ ಮಾಲೀಕನಿಗೆ ಹುರಿದುಂಬಿಸುವುದೆಂದರೆ ಕಿರೀಟ ತೊಡಿಸುವುದು. ಅಕ್ಕನ ಫೋಟೋಗೊಂದು ಕಿರೀಟ ಅಂಟಿಸಿ, 'ತಿಂಗಳ ರಾಣಿ' ಎಂದು ಬರೆದು, ಅವಳ ಗಳಿಕೆಯನ್ನೂ ದಪ್ಪಕ್ಷರದಲ್ಲಿ ಹಾಕಿ ಅಂಗಡಿಯ ಪೇಜಿಗೆ ಏರಿಸಿಬಿಟ್ಟ. ನನ್ನನ್ನೊಂದು ಮಾತು ಕೇಳಿದ್ದರೆ ಅವನ ಫೋನನ್ನೇ ಕಿತ್ತುಕೊಳ್ಳುತ್ತಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಎದುರು ಕೋಣೆಯವಳು, ಅಕ್ಕನ ಜೀವದ ಗೆಳತಿ, ಅದನ್ನು ಕಂಡಳು. ಮರುದಿನದಿಂದ ನಲ್ಲಿಯ ಹತ್ತಿರ ಅಕ್ಕನ ಜೊತೆ ಯಾರೂ ಮಾತಾಡಲಿಲ್ಲ.

ಆ ಭಾನುವಾರವೇ ಅಕ್ಕನ ಮಗಳ ಕುಬಸವಿತ್ತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಐದು ಜನ ಮುತ್ತೈದೆಯರಿಂದ ಉಡಿ ತುಂಬಿಸುವ ಶಾಸ್ತ್ರ ಅದು. ಬಂಧುಗಳೆಲ್ಲ ದೂರ. ಮುತ್ತೈದೆಯರೆಂದರೆ ಆ ಓಣಿಯವರೇ.

"ಲಿಂಕ್ ಹೋದ್ರ ಹೋಗ್ಲಿ ಅಕ್ಕಾರ. ನನ್ನ ಮಗಳ ಉಡಿ ಬರಿದ ಉಳೀಬಾರ್ದು" ಎಂದು ಅಕ್ಕ ಫೋನಿನಲ್ಲಿ ಅತ್ತಳು.

"ನಾನೇ ಬಂದು ಎಲ್ರಿಗೂ ಬಿಡಿಸಿ ಹೇಳ್ತೀನಕ್ಕಾ" ಅಂದೆ. ಬೇಡವೆಂದಳು. ತಾನೇ ಕುಂಕುಮದ ಭರಣಿ ಹಿಡಿದು ಮನೆಮನೆಗೂ ಕರೆಯಲು ಹೋದಳು. ಕೆಲವರು ಮಾತಿಲ್ಲದೆ ಕುಂಕುಮ ಹಚ್ಚಿಸಿಕೊಂಡರಂತೆ. ಗೆಳತಿ ಬಾಗಿಲು ತೆರೆಯಲೇ ಇಲ್ಲವಂತೆ.

ಭಾನುವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಯಲ್ಲಿ ಹೂವು, ಹಣ್ಣು, ವೀಳ್ಯದೆಲೆ ಕೊಂಡು ಅಕ್ಕನ ಮನೆಗೆ ಹೋದೆ. ಹಸಿರು ಸೀರೆಯುಟ್ಟ ಮಗಳು ಬಾಗಿಲ ಕಡೆ ಮುಖ ಮಾಡಿ ಮಣೆಯ ಮೇಲೆ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಒಬ್ಬಳು ಬಂದಳು. ಆಮೇಲೆ ಇಬ್ಬರು ಜೊತೆಯಾಗಿ, ಕೊನೆಗೆ ಮುಖ ಊದಿಸಿಕೊಂಡು ಇನ್ನೊಬ್ಬಳು. ಐದನೆಯವರಿಲ್ಲ. ನಾನೋ ಮದುವೆಯಾಗದವಳು, ಆ ಶಾಸ್ತ್ರಕ್ಕೆ ಲೆಕ್ಕಕ್ಕಿಲ್ಲದವಳು. ಅಕ್ಕ ಎದುರು ಬಾಗಿಲನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಲಾಗದೆ ನಾನು ವೀಳ್ಯದೆಲೆ ಒರೆಸುತ್ತ ಕೂತೆ. ಯಾರಾದರೂ ಬರಲಪ್ಪಾ ಎಂದು ಅಷ್ಟು ಆಸೆಪಟ್ಟು ನಾನು ಯಾವ ಪಾರ್ಟ್‌ನರ್‌ಗೂ ಕಾದವಳಲ್ಲ.

ಆಗ ಎದುರು ಬಾಗಿಲು ತೆರೆಯಿತು. ಗೆಳತಿ ತಲೆ ತುಂಬ ಸೆರಗು ಹೊದ್ದು ಬಂದು ಹೊಸ್ತಿಲಲ್ಲೇ ನಿಂತಳು.

"ನೀ ಪಾಲು ತಗೊಂಡಿದ್ದಕ್ಕ ನನಗ ಸಿಟ್ಟಿಲ್ಲ" ಅಂದಳು. "ನನ್ನ ಮುಂದನೂ ಹೇಳಲಿಲ್ಲಲ್ಲ, ಅದಕ್ಕ ಸಿಟ್ಟು. ಹೇಳಿದ್ರ ನಮ್ಮ ತವರಮನಿ ಮಂದಿಗೆಲ್ಲಾ ನಿನ್ನ ಲಿಂಕೇ ಕಳಸ್ತಿದ್ದೆ. ನನ್ನ ಹೊರಗಿನಾಕಿ ಅಂತ ತಿಳದಿ ಏನು?"

ಅಕ್ಕ ಉಡಿ ತುಂಬಲು ಇಟ್ಟಿದ್ದ ಅಕ್ಕಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದಳು. ಗೆಳತಿ ಒಳಗೆ ಬಂದು, ಹುಡುಗಿಯ ಮುಂದೆ ಕೂತು, ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇಷ್ಟ ಅಕ್ಕಿ ಯಾರಿಗೆ ಸಾಲ್ತದ? ಮನ್ಯಾಗ ಇದ್ದದ್ದೆಲ್ಲಾ ತಾ."